ಡಾಲರ್ ಕುಸಿದಾಗ ದೊಡ್ಡ ಮಳಿಗೆ

ಸಂಪಾದಕರೇ,

ಬಟ್ಟೆ, ಶೂ ಮಾರುವ ಅಮೆರಿಕದ ದೊಡ್ಡ ಮಳಿಗೆ ಸರಣಿ ನಾರ್ಡ್‌ಸ್ಟ್ರಾಮ್ ಕೆನಡಾದಿಂದ ಕಾಲ್ತೆಗೆದದ್ದಕ್ಕೆ ಕೋವಿಡ್ ಒಂದನ್ನೇ ದೂರಿದರೆ ಲೆಕ್ಕ ತಪ್ಪುತ್ತದೆ. 2014ರಲ್ಲಿ ಕ್ಯಾಲ್ಗರಿಯಲ್ಲಿ ಮೊದಲ ಮಳಿಗೆ ತೆರೆದಾಗ ಕೆನಡಾ ಡಾಲರಿಗೆ ಸುಮಾರು 90 ಅಮೆರಿಕನ್ ಸೆಂಟ್ ಸಿಗುತ್ತಿತ್ತು. 2016ರ ಜನವರಿಯಲ್ಲಿ ಅದು 70ಕ್ಕಿಂತ ಕೆಳಗಿಳಿಯಿತು. ಅಂದರೆ 100 ಅಮೆರಿಕನ್ ಡಾಲರಿನ ಕೋಟಿನ ಅಸಲೇ 111 ಕೆನಡಾ ಡಾಲರಿನಿಂದ 143 ದಾಟಿತು. ಏಷ್ಯಾದಲ್ಲಿ ಹೊಲಿದ ಉಡುಪಾದರೆ ಸಾಮಾನ್ಯವಾಗಿ ಶೇ 18ರಷ್ಟು ಆಮದು ಸುಂಕ ಬೇರೆ. ಬೆಲೆ ಏರಿಸಿದರೆ ಗಿರಾಕಿ ಗಡಿ ದಾಟಿ ಸಿಯಾಟಲ್‌ಗೋ ಬಫಲೋಗೋ ಹೋಗಿ ಕೊಳ್ಳುತ್ತಾನೆ, ಏರಿಸದಿದ್ದರೆ ಲಾಭ ಕರಗುತ್ತದೆ.

ಇನ್ನು ಜಾಗ. ಟೊರಾಂಟೊದ ಈಟನ್ ಸೆಂಟರ್ ಮಾಲಿನಲ್ಲಿ ಸಿಯರ್ಸ್ ಎಂಬ ಹಳೆಯ ಮಳಿಗೆ ಬಿಟ್ಟುಹೋದ ಕಡೆ ಎರಡು ಲಕ್ಷ ಚದರ ಅಡಿಗೂ ಹೆಚ್ಚು! ಅಷ್ಟನ್ನೂ ಸರಕಿನಿಂದ ತುಂಬಬೇಕು. ಶೂ ವಿಭಾಗವನ್ನೇ ನೋಡಿ: ಪ್ರತಿ ಮಾದರಿಗೂ ಎಲ್ಲ ಅಳತೆ ಇಡಬೇಕು, ನಡುವಿನ ಅಳತೆಗಳು ಮೊದಲು ಖಾಲಿ, ತುದಿಯವು ರಿಯಾಯಿತಿಗೆ. ಸಾಲದ್ದಕ್ಕೆ ಕೆನಡಾದ್ದೇ ಆದ ಐಷಾರಾಮಿ ಮಳಿಗೆ ಹೋಲ್ಟ್ ರೆನ್‌ಫ್ರೂ ಅಲ್ಲಿ ಮೊದಲೇ ಬೇರುಬಿಟ್ಟಿತ್ತು.

2023ರ ಮಾರ್ಚ್‌ನಲ್ಲಿ ನಾರ್ಡ್‌ಸ್ಟ್ರಾಮ್‌ನ ಕೆನಡಾದ 13 ಮಳಿಗೆಗಳನ್ನೂ ಮುಚ್ಚುವ ಘೋಷಣೆ ಬಂತು. ಸುಮಾರು 2,500 ಮಂದಿಗೆ ಕೆಲಸ ಹೋಯಿತು. 2016ರಲ್ಲಿ ಕೆನಡಾಕ್ಕೆ ಬಂದ ಅಮೆರಿಕದ ಇನ್ನೊಂದು ಐಷಾರಾಮಿ ಮಳಿಗೆ ಸ್ಯಾಕ್ಸ್ ಕೂಡ 2025ರಲ್ಲಿ ಅಲ್ಲಿ ಬಾಗಿಲು ಹಾಕಿತು.

– ಓದುಗ, ಬೆಂಗಳೂರು