ವಾರ್ಷಿಕೋತ್ಸವದ ವೇದಿಕೆಯಲ್ಲಿ ದೈವದ ವೇಷ ಯಾಕೆ ಬೇಡ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಶಾಲಾ ವಾರ್ಷಿಕೋತ್ಸವಕ್ಕೆ ತಯಾರಿ ಶುರುವಾಗಿದೆ. ಯಾವ ತರಗತಿಯಿಂದ ಯಾವ ಕಾರ್ಯಕ್ರಮ ಎಂದು ಕೇಳಿದಾಗ ಈ ಸಲ ಹಲವು ಮಕ್ಕಳು ಒಂದೇ ಮಾತು ಹೇಳಿದರು. ಪಂಜುರ್ಲಿ ಕೋಲ ಮಾಡೋಣ, ಗುಳಿಗನ ವೇಷ ಹಾಕೋಣ ಎಂದು. ಛದ್ಮವೇಷ ಸ್ಪರ್ಧೆಗೆ ಕೊರಗಜ್ಜನ ಹೆಸರು ಬರೆಸಿದವರೂ ಇದ್ದಾರೆ. ಈ ಮೂವರೂ ನಮ್ಮ ತುಳುನಾಡಿನ ಜನ ಆರಾಧಿಸುವ ದೈವಗಳು, ಕೋಲ ಎಂದರೆ ದೈವವನ್ನು ಕರೆದು ನಡೆಸುವ ಆರಾಧನೆ. ಮಕ್ಕಳ ಮೇಲೆ ನನಗೆ ಬೇಸರವಿಲ್ಲ. ಅವರು ಸಿನಿಮಾದಲ್ಲಿ ನೋಡಿದ್ದಾರೆ, ಮೊಬೈಲಿನಲ್ಲಿ ದಿನಾ ನೋಡುತ್ತಿದ್ದಾರೆ. ಆದರೆ ಶಿಕ್ಷಕರು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು ಕೂತು ಮಾತಾಡಿ ಒಂದು ತೀರ್ಮಾನ ಮಾಡಿದ್ದೇವೆ. ನಮ್ಮ ಶಾಲೆಯ ವೇದಿಕೆಯ ಮೇಲೆ ದೈವದ ವೇಷ ಇರುವುದಿಲ್ಲ. ಸುಮ್ನೆ ಒಂದು ಸಾಲಿನ ನೋಟಿಸು ಕಳಿಸಿದರೆ ಸಾಲದು ಎನಿಸಿತು. ಅದಕ್ಕೇ ಈ ಪತ್ರ.

"ಇದು ನಮ್ಮ ಸಂಸ್ಕೃತಿ ಅಲ್ವಾ ಟೀಚರ್, ಮಕ್ಕಳು ಮಾಡದಿದ್ದರೆ ಉಳಿಯುವುದು ಹೇಗೆ?" ಎಂದು ಕೆಲವರು ಕೇಳಿದ್ದೀರಿ. ಒಳ್ಳೆಯ ಪ್ರಶ್ನೆಯೇ. ದೈವವನ್ನು ನಂಬುವವರು ತುಳುನಾಡಿನಲ್ಲಿ ಎಲ್ಲ ಜಾತಿಯಲ್ಲೂ ಇದ್ದಾರೆ. ಹರಕೆ ಹೇಳುವವರು, ಪ್ರಸಾದ ತೆಗೆದುಕೊಳ್ಳುವವರು ಎಲ್ಲರೂ. ಆದರೆ ದೈವ ಕಟ್ಟುವ, ಅಂದರೆ ವೇಷ ಧರಿಸಿ ದೈವವಾಗಿ ನಿಲ್ಲುವ ಹಕ್ಕು ಎಲ್ಲರದ್ದಲ್ಲ. ಅದು ನಲಿಕೆ, ಪಂಬದ, ಪರವ ಸಮುದಾಯಗಳದ್ದು. ತಲೆತಲಾಂತರದಿಂದ ಆ ಮನೆಗಳವರು ಆ ಕಷ್ಟವನ್ನೂ ಆ ನಿಯಮವನ್ನೂ ಹೊತ್ತು ಬಂದಿದ್ದಾರೆ.

ಒಂದು ನೇಮಕ್ಕೆ (ಕೋಲದಂಥದ್ದೇ ದೈವಾರಾಧನೆ) ಎಷ್ಟು ತಯಾರಿ ಬೇಕು ಎಂಬುದು ನಮ್ಮಲ್ಲಿ ಅನೇಕರಿಗೆ ಸರಿಯಾಗಿ ಗೊತ್ತಿಲ್ಲ. ನಾವು ಹೋಗುವುದು ರಾತ್ರಿ, ದೈವ ಅಂಗಳಕ್ಕೆ ಬಂದ ಮೇಲೆ. ಅದಕ್ಕೆ ಮೊದಲು ವ್ರತ ಇರುತ್ತದೆ. ಆಮೇಲೆ ಎಣ್ಣೆಬೂಳ್ಯ (ಎಣ್ಣೆ, ವೀಳ್ಯ) ತೆಗೆದುಕೊಳ್ಳಬೇಕು. ಮಿಂದು ಬಂದು ಬಣ್ಣಕ್ಕೆ ಕೂರಬೇಕು. ಮುಖಕ್ಕೆ ಅರದಳದ ಹಳದಿ ಹಚ್ಚುವಾಗ ಪಕ್ಕದಲ್ಲಿ ಅದೇ ಮನೆಯ ಹೆಂಗಸರು ತೆಂಬರೆ ಎಂಬ ಚಿಕ್ಕ ಚರ್ಮವಾದ್ಯ ಬಡಿಯುತ್ತಾ ಪಾಡ್ದನ ಹೇಳುತ್ತಾರೆ. ದೈವ ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಬಂತು, ಯಾವ ಊರಿನಲ್ಲಿ ನೆಲೆಯಾಯಿತು ಎಂಬ ಕತೆಯೆಲ್ಲ ಆ ಹಾಡಿನಲ್ಲಿದೆ. ತೆಂಗಿನ ಎಳೆ ಗರಿಯನ್ನು ಸೀಳಿ ಸಿರಿ ಎಂಬ ಉಡುಗೆ ಕಟ್ಟುತ್ತಾರೆ. ಬೆನ್ನಿಗೆ ಅಣಿ ಎಂಬ ದೊಡ್ಡ ಪ್ರಭಾವಳಿ ಏರುತ್ತದೆ. ಕಾಲಿಗೆ ಗಗ್ಗರ ಎಂಬ ಗೆಜ್ಜೆ ಕಟ್ಟುವ ಮೊದಲು ಅಪ್ಪಣೆ ಕೇಳುವ ಕ್ರಮವಿದೆ. ಅಷ್ಟೆಲ್ಲ ಆದ ಮೇಲೆಯೇ ಆ ಮನುಷ್ಯ ದೈವವಾಗಿ ನುಡಿ ಕೊಡುವುದು. ಸಿನಿಮಾ ಹಾಡು ಹಾಕಿ ನಾಲ್ಕು ನಿಮಿಷ ಕುಣಿಸಿದರೆ ಇದರಲ್ಲಿ ಯಾವುದು ಉಳಿಯುತ್ತದೆ ಹೇಳಿ? ಬಣ್ಣ ಮತ್ತು ಕೂಗು ಮಾತ್ರ.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಜಾಸ್ತಿ ಮುಖ್ಯ. ದೈವ ಕಟ್ಟುವ ಈ ಸಮುದಾಯಗಳು ಪರಿಶಿಷ್ಟ ಜಾತಿಗೆ ಸೇರಿದವು. ರಾತ್ರಿ ಯಾರ ಎದುರು ಇಡೀ ಊರು ಕೈಮುಗಿದು ನಿಂತಿತ್ತೋ, ಬಣ್ಣ ತೊಳೆದ ಮೇಲೆ ಅವರನ್ನೇ ಅಂಗಳದ ಆಚೆ ನಿಲ್ಲಿಸಿದ ಕಾಲ ದೂರದ್ದೇನಲ್ಲ. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಅವರು ಕಣ್ಣಾರೆ ಕಂಡಿದ್ದಾರೆ. 60 ವರ್ಷ ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನ ಕೊಡುತ್ತೇವೆ ಎಂದು ಸರ್ಕಾರ ಹೇಳಿದ್ದು 2022ರ ಅಕ್ಟೋಬರಿನಲ್ಲಿ. ಇಷ್ಟು ಹಳೆಯ ಪರಂಪರೆಯನ್ನು ಕಾಪಾಡಿದವರಿಗೆ ಅಷ್ಟು ತಡವಾಗಿ. ಅವರ ಬದುಕನ್ನು ಕೇಳದೆ ಅವರ ವೇಷವನ್ನಷ್ಟೇ ಎತ್ತಿಕೊಂಡು ಚಪ್ಪಾಳೆ ಪಡೆಯುವುದು ನನಗೆ ಸರಿ ಕಾಣುವುದಿಲ್ಲ.

ಕೊರಗಜ್ಜನ ವಿಷಯದಲ್ಲಂತೂ ನಾವು ಇನ್ನೂ ಎಚ್ಚರ ಇರಬೇಕು. ಕೊರಗಜ್ಜ ಎಂದು ಪೂಜೆಗೊಳ್ಳುವ ಕೊರಗ ತನಿಯ, ಕೊರಗ ಎಂಬ ಬುಡಕಟ್ಟು ಸಮುದಾಯದವರು. ಕಳೆದುಹೋದ ವಸ್ತು ಸಿಗಲಿ ಎಂದು ನಾವೆಲ್ಲ ಅವರಿಗೆ ಚಕ್ಕುಲಿ, ವೀಳ್ಯ ಹರಕೆ ಹೇಳುತ್ತೇವೆ. ಆದರೆ ಅದೇ ಸಮುದಾಯವನ್ನು ಈ ಊರುಗಳು ನಡೆಸಿಕೊಂಡ ರೀತಿಗೆ ಕೊನೆ ಹಾಡಲು ಒಂದು ಕಾನೂನೇ ಬೇಕಾಯಿತು. ಅದು 2000ನೇ ಇಸವಿಯ ಅಜಲು (ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ) ಪದ್ಧತಿ ನಿಷೇಧ ಕಾಯ್ದೆ. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು, ಕಂಬಳಕ್ಕೆ ಮೊದಲು ಅವರನ್ನು ಕೋಣಗಳ ಹಾಗೆ ಓಡಿಸುವುದು, ಇಂಥದ್ದನ್ನೆಲ್ಲ ಆ ಕಾನೂನು ಹೆಸರು ಹಿಡಿದು ನಿಷೇಧಿಸಿದೆ. ಹಬ್ಬದ ದಿನಗಳಲ್ಲಿ ಮೈಗೆ ಮಸಿ ಬಳಿದುಕೊಂಡು, ತಲೆಗೆ ಅಡಿಕೆ ಹಾಳೆಯ ಟೊಪ್ಪಿ ಇಟ್ಟುಕೊಂಡು ಬೀದಿಯಲ್ಲಿ ನಗಿಸುವ 'ಕೊರಗ ವೇಷ'ವೂ ಇತ್ತು. ಅದನ್ನು ನಿಲ್ಲಿಸಲು ಕೊರಗರ ಸಂಘಟನೆಗಳು ಹೋರಾಡಬೇಕಾಯಿತು. ನಮ್ಮ ಒಂದನೇ ತರಗತಿಯ ಪುಟ್ಟ ಮಗುವಿಗೆ ಈ ಇತಿಹಾಸ ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ. ಆದರೆ ಮುಖಕ್ಕೆ ಕಪ್ಪು ಬಳಿದು ಕಳಿಸುವ ದೊಡ್ಡವರಿಗೆ ಗೊತ್ತಿರಲೇಬೇಕು. ಅದನ್ನು ಎದುರಿನ ಬೆಂಚಿನಲ್ಲಿ ಕೂತು ನೋಡುವ ಮಕ್ಕಳಲ್ಲಿ ಕೊರಗರ ಮಗುವೂ ಇರಬಹುದು.

ದೈವ ಕಟ್ಟುವ ಮನೆಗಳ ಮಕ್ಕಳು ನಮ್ಮ ಶಾಲೆಯಲ್ಲೂ ಓದುತ್ತಿದ್ದಾರೆ. "ನಿನ್ನಪ್ಪ ಕುಣಿಯುತ್ತಾರಲ್ಲ, ನೀನೂ ಕುಣಿದು ತೋರಿಸು" ಎಂದು ಯಾರೂ ಅವರನ್ನು ಒತ್ತಾಯಿಸಬಾರದು. ಸಹಪಾಠಿಗಳೂ ಇಲ್ಲ, ಶಿಕ್ಷಕರೂ ಇಲ್ಲ. ಆ ಮಗು ಮುಂದೆ ಅಪ್ಪನ ದಾರಿಯಲ್ಲಿ ಹೋಗಬಹುದು, ಎಂಜಿನಿಯರ್ ಆಗಬಹುದು, ಎರಡನ್ನೂ ಮಾಡಬಹುದು. ಅದು ಆ ಮಗುವಿನ ಮತ್ತು ಆ ಮನೆಯ ಇಷ್ಟ. ಪರಂಪರೆಯ ಹಕ್ಕು ಅಂದರೆ ಅದನ್ನು ಮುಂದುವರಿಸುವ ಹಕ್ಕು ಹೇಗೋ ಹಾಗೇ, ಬೇಡ ಎನ್ನುವ ಹಕ್ಕೂ ಹೌದು. ಈ ಮಾತನ್ನು ನಿಮ್ಮ ಮಕ್ಕಳಿಗೂ ಮನೆಯಲ್ಲಿ ಹೇಳಿ.

ಇದು ನಮ್ಮ ಶಾಲೆಯೇ ಹೊಸದಾಗಿ ಕಂಡುಹಿಡಿದ ವಿಚಾರವಲ್ಲ. ಹಾಡು, ಕುಣಿತ, ಆಚರಣೆ, ಕೈಕಸುಬುಗಳನ್ನು ಉಳಿಸಲು ಯುನೆಸ್ಕೊ 2003ರಲ್ಲಿ ಒಂದು ಒಪ್ಪಂದ ಮಾಡಿತು. ಭಾರತ 2005ರಲ್ಲಿ ಅದನ್ನು ಒಪ್ಪಿತು. ಯಾವುದು ತಮ್ಮ ಪರಂಪರೆ ಎಂದು ಗುರುತಿಸುವವರು ಆ ಸಮುದಾಯದವರೇ, ಉಳಿಸುವ ಕೆಲಸದಲ್ಲೂ ಅವರು ಜೊತೆಗಿರಬೇಕು ಎಂಬುದು ಅದರ ತಿರುಳು.

ಹೊರಗಿನವರು ಬಂದು ದಾಖಲಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ಉದಾಹರಣೆ ಇದೆ. 1990ರ ಡಿಸೆಂಬರಿನಲ್ಲಿ ಉಜಿರೆ ಹತ್ತಿರದ ಮಾಚಾರಿನ ಗೋಪಾಲ ನಾಯ್ಕರು ಸಿರಿ ಎಂಬ ಹೆಣ್ಣಿನ ಕತೆ ಹೇಳುವ ಸಿರಿ ಪಾಡ್ದನವನ್ನು ಪೂರ್ತಿ ಹಾಡಿದರು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ನಮ್ಮವರೇ ಆದ ವಿವೇಕ ರೈ ಮತ್ತು ಚಿನ್ನಪ್ಪ ಗೌಡರು ಸೇರಿ ಅದನ್ನು ದಾಖಲಿಸಿದರು. 15,683 ಸಾಲು! 1998ರಲ್ಲಿ ಅದು ಹೆಲ್ಸಿಂಕಿಯಲ್ಲಿ ಅಚ್ಚಾಯಿತು. ಪುಸ್ತಕದ ಹೆಸರಿನಲ್ಲೇ ಗೋಪಾಲ ನಾಯ್ಕರ ಹೆಸರಿದೆ. ಎಲ್ಲೋ ಒಳಗೆ ಕೃತಜ್ಞತೆಯ ಪುಟದಲ್ಲಿ ಅಲ್ಲ, ರಕ್ಷಾಪುಟದ ಮೇಲೆ. ಹಾಡಿದವರಿಗೆ ಸಲ್ಲಬೇಕಾದ ಜಾಗ ಅದು.

ಹಳೆಯ ವಸ್ತುಗಳ ಬಗ್ಗೆಯೂ ಒಂದು ಮಾತು. ನಿಮ್ಮಲ್ಲಿ ಕೆಲವರ ಕುಟುಂಬದ ಮನೆಗಳಲ್ಲಿ, ದೈವದ ಚಾವಡಿಗಳಲ್ಲಿ ಹಿತ್ತಾಳೆ, ಕಂಚಿನ ಮೊಗಗಳು (ದೈವದ ಮುಖವಾಡಗಳು), ಕಡ್ಸಲೆ (ದೈವದ ಖಡ್ಗ), ಮರದ ಉರುಗಳು (ಮೂರ್ತಿಗಳು) ಇರಬಹುದು. ಇಂಥ ಮೊಗಗಳು ಇಂದು ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲೂ ಇವೆ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ದೊಡ್ಡ ದೊಡ್ಡ ಹಳೆಯ ಮರದ ಭೂತಗಳು (ದೈವದ ಮೂರ್ತಿಗಳು) ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯ ಸೇರಿವೆ. ಯಾರಾದರೂ ಬಂದು ಒಳ್ಳೆಯ ಬೆಲೆ ಕೊಡುತ್ತೇವೆ ಎಂದರೆ ಅವಸರ ಮಾಡಬೇಡಿ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ 100 ವರ್ಷಕ್ಕಿಂತ ಹಳೆಯ ಇಂಥ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ವಸ್ತು ಎಲ್ಲಿದೆ, ಯಾವ ದೈವದ್ದು ಎಂದು ಬರೆದು, ಒಂದು ಫೋಟೊ ತೆಗೆದು ಮನೆಯಲ್ಲಿ ಇಟ್ಟುಕೊಳ್ಳಿ. ಕಳವಾದರೆ ಅದೇ ಮೊದಲ ಸಾಕ್ಷಿ.

ಒಮ್ಮೆ ಕೈಬಿಟ್ಟು ಹೋದದ್ದು ಮರಳಿ ಬರುವುದೇ ಇಲ್ಲ ಎಂದೇನಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಜೂನಿ ಎಂಬ ಮೂಲನಿವಾಸಿ ಜನರಿದ್ದಾರೆ. ಅವರು ಮರದಲ್ಲಿ ಕೆತ್ತಿದ ಅವಳಿ ದೇವರನ್ನು ಬಯಲಿನ ಗುಡಿಯಲ್ಲಿ ಇಡುತ್ತಾರೆ. ಮಳೆ ಬಿಸಿಲಿಗೆ ಅದು ತಾನಾಗಿ ಮಣ್ಣಾಗಬೇಕು, ಅದೇ ಅವರ ಕ್ರಮ. ಸಂಗ್ರಾಹಕರು ಆ ಮೂರ್ತಿಗಳನ್ನು ಹೊತ್ತೊಯ್ದರು. ಅವು ವಸ್ತುಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆ ಸೇರಿದವು. ಜೂನಿ ಹಿರಿಯರು 1978ರಿಂದ ಒಂದೊಂದೇ ಸಂಗ್ರಹಾಲಯದ ಬಾಗಿಲು ತಟ್ಟಿದರು, ಜಗಳವಾಡದೆ ತಾಳ್ಮೆಯಿಂದ ವಿವರಿಸಿದರು. 1990ರ ದಶಕದ ಆರಂಭದ ಹೊತ್ತಿಗೆ 60ಕ್ಕೂ ಹೆಚ್ಚು ಮೂರ್ತಿಗಳು ಮನೆಗೆ ಬಂದವು. ಬಂದ ಮೂರ್ತಿಗಳನ್ನು ಅವರು ಮತ್ತೆ ಬಯಲಿನಲ್ಲೇ ಇಟ್ಟರು. ಕಳ್ಳರಿಗೆ ಸಿಗದ ಹಾಗೆ ಕಾವಲು ಮಾಡಿದರು, ಮಳೆಯನ್ನು ಮಾತ್ರ ತಡೆಯಲಿಲ್ಲ. ಹೊರಗಿನವರಿಗೆ ಇದು ನಷ್ಟ ಎನಿಸಬಹುದು. ಆದರೆ ತೀರ್ಮಾನ ಅವರದ್ದು. ಈ ಕತೆಯನ್ನು ಏಳನೇ ತರಗತಿಗೆ ಹೇಳಿದಾಗ ಮಕ್ಕಳು ತುಂಬ ಹೊತ್ತು ಚರ್ಚೆ ಮಾಡಿದರು. ಕೆಲವರು ಒಪ್ಪಲೇ ಇಲ್ಲ. ಅದೂ ಒಳ್ಳೆಯದೇ.

ಹಾಗಾದರೆ ವಾರ್ಷಿಕೋತ್ಸವದಲ್ಲಿ ಏನಿರುತ್ತದೆ? ಯಕ್ಷಗಾನ ಇರುತ್ತದೆ. ಅದನ್ನು ಕಲಿಯಲು ಬಂದವರಿಗೆಲ್ಲ ಪ್ರೀತಿಯಿಂದ ಕಲಿಸುವ ಗುರುಗಳಿದ್ದಾರೆ, ನಮ್ಮ ಮಕ್ಕಳೂ ಕಲಿಯುತ್ತಿದ್ದಾರೆ. ಮಿಕ್ಕ ನೃತ್ಯ, ನಾಟಕ ಎಂದಿನಂತೆ. ಛದ್ಮವೇಷಕ್ಕೆ ದೈವ, ಕೊರಗ, ಕೊರಗಜ್ಜ ಬೇಡ. ಬೇರೆ ಯಾವುದೇ ಸಮುದಾಯವನ್ನು ಬಣ್ಣ, ಮಾತು, ಬಟ್ಟೆಯಿಂದ ನಗೆಪಾಟಲು ಮಾಡುವ ವೇಷವೂ ಬೇಡ. ಈಗಾಗಲೇ ಬಟ್ಟೆಗೆ ಹಣ ಕೊಟ್ಟವರು ತರಗತಿ ಶಿಕ್ಷಕರಿಗೆ ತಿಳಿಸಿ, ಬದಲಿ ವ್ಯವಸ್ಥೆಗೆ ನಾವು ಸಹಾಯ ಮಾಡುತ್ತೇವೆ.

ಇದರ ಜೊತೆಗೆ ವಾರ್ಷಿಕೋತ್ಸವದ ಹಿಂದಿನ ಶನಿವಾರ ಮಧ್ಯಾಹ್ನ ಒಂದು ಮಾತುಕತೆ ಇಟ್ಟಿದ್ದೇವೆ. ದೈವ ಕಟ್ಟುವ ಹಿರಿಯರೊಬ್ಬರು ಮತ್ತು ಪಾಡ್ದನ ಹೇಳುವ ಅಮ್ಮ ಒಬ್ಬರು ಬರಲು ಒಪ್ಪಿದ್ದಾರೆ. ಅವರು ವೇಷ ಕಟ್ಟುವುದಿಲ್ಲ. ಸಿರಿ ಹೇಗೆ ಹೆಣೆಯುತ್ತಾರೆ ಎಂದು ತೋರಿಸುತ್ತಾರೆ, ತಮ್ಮ ಬದುಕಿನ ಬಗ್ಗೆ ಮಾತಾಡುತ್ತಾರೆ. ಏನು ಹೇಳಬೇಕು, ಏನು ಹೇಳಬಾರದು ಎಂಬುದನ್ನು ಅವರೇ ನಿರ್ಧರಿಸುತ್ತಾರೆ. ಹೋಗಿ ಬರುವ ಖರ್ಚು ಮತ್ತು ಗೌರವಧನವನ್ನು ಬೇರೆ ಅತಿಥಿಗಳಿಗೆ ಕೊಡುವಷ್ಟೇ ಕೊಡುತ್ತೇವೆ. ಶಾಲು ಹೊದೆಸಿ ಕಳಿಸುವುದಷ್ಟೇ ಅಲ್ಲ. ಪೋಷಕರೂ ಬನ್ನಿ, ಮಕ್ಕಳ ಜೊತೆ ನೆಲದ ಮೇಲೆ ಕೂತು ಕೇಳಿ. ಮೊಬೈಲು ಚೀಲದೊಳಗೆ ಇರಲಿ. ರೆಕಾರ್ಡ್ ಮಾಡಲು ಅವರು ಒಪ್ಪಿದರೆ ಶಾಲೆಯಿಂದ ಒಂದೇ ರೆಕಾರ್ಡಿಂಗ್ ಮಾಡಿ, ಅದರ ಪ್ರತಿಯನ್ನು ಮೊದಲು ಅವರಿಗೇ ಕೊಡುತ್ತೇವೆ. ಊರಿನ ನೇಮಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗಲೂ ಇದೇ ಕ್ರಮ ಅಭ್ಯಾಸ ಮಾಡಿಸಿ. ಬಣ್ಣ ಹಚ್ಚುವ ಜಾಗಕ್ಕೆ ನುಗ್ಗಿ ವಿಡಿಯೊ ಮಾಡುವುದು ಯಾರಿಗೂ ಶೋಭೆಯಲ್ಲ.

ಈ ಪತ್ರದ ಜೊತೆ ಒಂದು ಹಾಳೆ ಇದೆ. ಮನೆಯಲ್ಲಿ ಅಜ್ಜಿ, ದೊಡ್ಡಮ್ಮ, ಅತ್ತೆ ಯಾರಿಗಾದರೂ ನಾಟಿ ಗದ್ದೆಯ 'ಓ ಬೇಲೆ' ಹಾಡೋ, ಪಾಡ್ದನದ ತುಣುಕೋ ಗೊತ್ತಿದ್ದರೆ ಮಕ್ಕಳು ಕೇಳಿ ಬರೆದುಕೊಳ್ಳಲಿ. ಹಾಡಿದವರ ಹೆಸರು, ಅವರು ಯಾರಿಂದ ಕಲಿತರು, ಶಾಲೆಯಲ್ಲಿ ಓದಿ ಹೇಳಲು ಅವರ ಒಪ್ಪಿಗೆ ಇದೆಯೇ, ಈ ಮೂರನ್ನೂ ತುಂಬಿಸಬೇಕು. ಒಪ್ಪಿಗೆ ಇಲ್ಲ ಎಂದರೆ 'ಇಲ್ಲ' ಎಂದೇ ಬರೆಯಲಿ, ಅದಕ್ಕೂ ಪೂರ್ಣ ಅಂಕ ಇದೆ. ಹಾಳೆಯನ್ನು ಮುಂದಿನ ಶುಕ್ರವಾರದೊಳಗೆ ತರಗತಿ ಶಿಕ್ಷಕರ ಕೈಗೆ ತಲುಪಿಸಿ. ನನ್ನ ಜೊತೆ ಮಾತಾಡಬೇಕು, ಈ ತೀರ್ಮಾನ ಒಪ್ಪಿಗೆಯಿಲ್ಲ ಎನ್ನುವವರು ಸಂಜೆ ನಾಲ್ಕರ ನಂತರ ಯಾವ ದಿನವಾದರೂ ಶಾಲೆಗೆ ಬನ್ನಿ.

ವಿಶ್ವಾಸದಿಂದ,
ಮುಖ್ಯ ಶಿಕ್ಷಕಿ