ಮೈಸೂರಿನ ಇ-ಬೈಕ್ ಸವಾರಿ: ತಪ್ಪು ಮಾಹಿತಿ, ಹಳೇ ಬ್ಯಾಟರಿ ಮತ್ತು ಸುಮ್ನೆ ಹಾಕಿದ ದಂಡದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಕಳೆದ ಭಾನುವಾರ ಪಡೆದ ಎರಡು ಇ-ಬೈಕ್‌ಗಳು ಮತ್ತು 'ನೀವೇ ಸುತ್ತಿ ನೋಡಿ' ಪ್ಯಾಕೇಜಿನ ಬಗ್ಗೆ ದೂರು, 3,398 ರೂಪಾಯಿ ವಾಪಸ್ ಕೋರಿಕೆ

ಮಾನ್ಯರೇ,

ನಾನು ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ನನ್ನ ಅಕ್ಕನ ಮಗಳು ಶಿವಮೊಗ್ಗದವಳು. ಈ ವರ್ಷ ಆರ್ಕಿಟೆಕ್ಚರ್ ಓದಲು ಸೇರಿದ್ದಾಳೆ. ಒಂದು ಹಳೇ ಊರಿನ ಏಳು ಕಟ್ಟಡಗಳ ಚಿತ್ರ ಬರೆದು, ಪ್ರತಿಯೊಂದಕ್ಕೂ ಒಂದು ಪುಟ ಟಿಪ್ಪಣಿ ಬರೆಯಬೇಕು ಅಂತ ಕಾಲೇಜಿನಲ್ಲಿ ಕೆಲಸ ಕೊಟ್ಟಿದ್ದರು. ನಾನು ಎಂ.ಎ. ಓದಿದ್ದು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಕ್ಯಾಂಪಸ್ಸಿನಲ್ಲಿ. ಹಾಗಾಗಿ ಮೈಸೂರಿಗೇ ಹೋಗೋಣ ಅಂತ ನಾನೇ ಹೇಳಿದೆ. ನಿಮ್ಮ ಬೈಕ್, ಜೊತೆಗೆ ಆ್ಯಪ್‌ನಲ್ಲಿ ನಕ್ಷೆ ಮತ್ತು ಆಡಿಯೋ ವಿವರಣೆ ಕೊಡುವ 'ನೀವೇ ಸುತ್ತಿ ನೋಡಿ' ಪ್ಯಾಕೇಜು ಬುಕ್ ಮಾಡಿದ್ದೂ ನಾನೇ.

ದುಡ್ಡಿನ ವಿಷಯ ಆಮೇಲೆ ಬರೆಯುತ್ತೇನೆ. ನನಗೆ ಜಾಸ್ತಿ ನೋವಾಗಿದ್ದು ಬೇರೆ ಕಾರಣಕ್ಕೆ. ಕಲಿಯಬೇಕು ಅಂತ ಬಂದ ಹುಡುಗಿಗೆ ನಿಮ್ಮ ಆ್ಯಪ್ ಮೈಸೂರಿನ ಬಗ್ಗೆ ತಪ್ಪು ಹೇಳಿಕೊಟ್ಟಿತು. ಅವಳು ಅದನ್ನು ನಂಬಿ ಪುಸ್ತಕದಲ್ಲಿ ಬರೆದುಕೊಂಡಳು.

ಬೆಳಿಗ್ಗೆ ಹತ್ತಕ್ಕೆ ಅರಮನೆ ಹತ್ತಿರದ ನಿಮ್ಮ ಸ್ಟ್ಯಾಂಡಿನಲ್ಲಿ ಬೈಕ್ ತೆಗೆದುಕೊಂಡೆವು. 250 ವ್ಯಾಟ್ ಮೋಟಾರು, ಗಂಟೆಗೆ 25 ಕಿ.ಮೀ. ಮೀರದ ವೇಗ, ಲೈಸೆನ್ಸ್ ಬೇಡ. ಅವಳಿಗೆ ಇನ್ನೂ ಲೈಸೆನ್ಸ್ ಆಗಿಲ್ಲ, ಅದಕ್ಕೇ ಇದನ್ನು ಆರಿಸಿದ್ದು. ಮೊದಲ ಅರ್ಧ ಗಂಟೆ ನಿಜವಾಗಿಯೂ ಖುಷಿಯಾಗಿತ್ತು, ಅದನ್ನೂ ಹೇಳಬೇಕು. ಮೈಸೂರಿನ ಕಟ್ಟಡಗಳು ನಡೆದು ಮುಗಿಸಲು ದೂರ, ಕಾರಿನಲ್ಲಿ ನೋಡಲು ತೀರಾ ಹತ್ತಿರ. ಸದ್ದಿಲ್ಲದ ಬೈಕಿನಲ್ಲಿ ಮರದ ನೆರಳಲ್ಲಿ ಹೋಗುತ್ತಾ, ಬೇಕಾದಲ್ಲಿ ಒಂದು ಕಾಲು ನೆಲಕ್ಕಿಟ್ಟು ಕಮಾನು, ಗುಮ್ಮಟ ನೋಡಬಹುದು. ಇಂಥ ಸೇವೆ ಮೈಸೂರಿಗೆ ಬೇಕು. ಅದು ನಿಂತು ಹೋಗಲಿ ಅಂತ ನಾನು ಈ ಪತ್ರ ಬರೆಯುತ್ತಿಲ್ಲ.

ಮೊದಲ ತಪ್ಪು ಅರಮನೆ ಮುಂದೆಯೇ ಕೇಳಿಸಿತು. 'ನಾನೂರು ವರ್ಷಗಳಿಂದ ಹೀಗೇ ನಿಂತಿರುವ ಅರಮನೆ' ಅಂತ ನಿಮ್ಮ ಆಡಿಯೋ ಹೇಳಿತು. ಹಾಗಲ್ಲ. ಅಲ್ಲಿದ್ದ ಹಳೇ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ಸಮಯದಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟು ಹೋಯಿತು. ಆಗ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಚಿಕ್ಕ ವಯಸ್ಸಿನ ಮಗ ನಾಲ್ವಡಿ ಕೃಷ್ಣರಾಜ ಒಡೆಯರ ಪರವಾಗಿ ರಾಜ್ಯ ನಡೆಸುತ್ತಿದ್ದರು. ಅವರು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅವರಿಂದ ಹೊಸ ನಕ್ಷೆ ಮಾಡಿಸಿದರು. ಈಗ ನಾವು ನೋಡುವ ಅರಮನೆ 1912ರಲ್ಲಿ ಮುಗಿದದ್ದು. ಒಮ್ಮೆ ಸುಟ್ಟ ಮೇಲೆ ಕಲ್ಲು, ಕಬ್ಬಿಣ ಜಾಸ್ತಿ ಬಳಸಿದರು. ಕಲ್ಯಾಣ ಮಂಟಪದ ಎರಕದ ಕಂಬಗಳು ಗ್ಲಾಸ್ಗೋದಿಂದ ಬಂದವು. ಕಟ್ಟಡ ಕಲಿಯುವ ಹುಡುಗಿಗೆ ಗೊತ್ತಾಗಬೇಕಾದ ಮುಖ್ಯ ವಿಷಯವೇ ಇದು ಅಲ್ವಾ? ಮರ ಬಿಟ್ಟು ಕಬ್ಬಿಣಕ್ಕೆ ಯಾಕೆ ಬಂದರು ಅನ್ನುವುದು. ಆಡಿಯೋದಲ್ಲಿ ಬೆಂಕಿಯ ಮಾತೇ ಇಲ್ಲ.

ನಾನು ಇದನ್ನು ಹೇಳಿದಾಗ ಅವಳು, "ಆ್ಯಪ್‌ನಲ್ಲಿ ಬೇರೆ ಥರ ಹೇಳ್ತಿದೆಯಲ್ಲ ಚಿಕ್ಕಮ್ಮ" ಅಂದಳು. ಅವಳದ್ದು ತಪ್ಪಲ್ಲ. ದುಡ್ಡು ಕೊಟ್ಟು ಕಿವಿಗೆ ಹಾಕಿಕೊಂಡ ಮಾತನ್ನು ಯಾರಾದರೂ ನಂಬುತ್ತಾರೆ.

ಅಲ್ಲಿಂದ ಮುಂದೆ ಎರಡು ಗಡಿಯಾರಗಳನ್ನು ನೀವು ಅದಲು ಬದಲು ಮಾಡಿದ್ದೀರಿ. ದೊಡ್ಡ ಗಡಿಯಾರದ ಹತ್ತಿರ ನಿಂತರೆ ಡಫರಿನ್ ಗೋಪುರದ ಕಥೆ ಬರುತ್ತದೆ. ಅದು ಚಿಕ್ಕ ಗಡಿಯಾರ, ದೇವರಾಜ ಮಾರುಕಟ್ಟೆ ಮುಂದಿನದು. ಅಲ್ಲಿಗೆ ಹೋದರೆ ದೊಡ್ಡ ಗಡಿಯಾರದ ಕಥೆ ಶುರುವಾಗುತ್ತದೆ. ದೊಡ್ಡ ಗಡಿಯಾರ ಕಟ್ಟಿದ್ದು 1927ರಲ್ಲಿ, ನಾಲ್ವಡಿಯವರ ಆಳ್ವಿಕೆಗೆ ಇಪ್ಪತ್ತೈದು ವರ್ಷ ತುಂಬಿದಾಗ. ಅರಮನೆ ನೌಕರರು ಕೈಯಿಂದ ದುಡ್ಡು ಹಾಕಿ ಕಟ್ಟಿಸಿದ್ದು. ಅದರ ಮುಖದ ಮೇಲೆ ಅಂಕಿಗಳು ಕನ್ನಡದಲ್ಲಿವೆ. ನನ್ನ ಅಕ್ಕನ ಮಗಳು ಆ ಕನ್ನಡ ಅಂಕಿಗಳ ಗಡಿಯಾರವನ್ನು ಎಷ್ಟು ಚೆನ್ನಾಗಿ ಬರೆದಳು! ಕೆಳಗೆ ಮಾತ್ರ 'ಡಫರಿನ್ ಗೋಪುರ' ಅಂತ ಬರೆದಿದ್ದಳು. ರಾತ್ರಿ ರೂಮಿನಲ್ಲಿ ಕೂತು ರಬ್ಬರ್ ಹಿಡಿದು ಅಳಿಸಿದೆವು.

ನಿಮ್ಮ ಜಾಹೀರಾತಿನಲ್ಲಿ 'ಕನ್ನಡದಲ್ಲಿ ವಿವರಣೆ' ಅಂತ ದೊಡ್ಡದಾಗಿ ಇದೆ. ಆದರೆ ಅದು ಮನುಷ್ಯರು ಓದಿದ ಕನ್ನಡ ಅಲ್ಲ. ಇಂಗ್ಲಿಷಿನಿಂದ ಯಂತ್ರಕ್ಕೆ ಹಾಕಿ ತೆಗೆದಿದ್ದು ಅಂತ ಎರಡು ವಾಕ್ಯ ಕೇಳಿದರೆ ಗೊತ್ತಾಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರನ್ನು ಅದು, ರೋಮನ್ ಅಂಕಿ IV ಅನ್ನು ಇಂಗ್ಲಿಷ್ ಅಕ್ಷರಗಳಂತೆ ಓದಿ, 'ಕೃಷ್ಣರಾಜ ಒಡೆಯರ್ ಐವಿ' ಅನ್ನುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು 'ಒಡೆಯರ್ ಐಐಐ'. ಮೈಸೂರು, ಮಂಡ್ಯ ಕಡೆ ಮನೆಮನೆಯಲ್ಲೂ 'ನಾಲ್ವಡಿ' ಅನ್ನುವ ಹೆಸರನ್ನು ಪ್ರೀತಿಯಿಂದ ಹೇಳುತ್ತಾರೆ. ಅದನ್ನು ಮೈಸೂರಿನ ನಡುಬೀದಿಯಲ್ಲಿ ಹೀಗೆ ಕೇಳುವಾಗ ನನಗೆ ಅವಮಾನವಾಯಿತು. ಊರಿನ ಒಬ್ಬ ಮೇಷ್ಟ್ರನ್ನೋ ಗೈಡನ್ನೋ ಕೂರಿಸಿ ಓದಿಸಿದ್ದರೆ ಎರಡು ದಿನದ ಕೆಲಸ.

ಈಗ ಹೇಳುವುದು ಪ್ರಾಣಕ್ಕೆ ಸಂಬಂಧಿಸಿದ್ದು. ದಯವಿಟ್ಟು ಇದನ್ನು ಇವತ್ತೇ ಸರಿಪಡಿಸಿ. ಲ್ಯಾನ್ಸ್‌ಡೌನ್ ಕಟ್ಟಡದ ಹತ್ತಿರ ನಿಮ್ಮ ಆಡಿಯೋ, 'ಕಮಾನುಗಳ ಒಳಗೆ ಬೈಕ್ ನಿಲ್ಲಿಸಿ, ಹಳೇ ಪುಸ್ತಕದ ಅಂಗಡಿಗಳನ್ನು ನೋಡಿ' ಅನ್ನುತ್ತದೆ. ಆ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ಕು ಜನ ಸತ್ತರು. ಆ ದುರಂತದ ಮೇಲೆ ಅಂಗಡಿಗಳನ್ನು ಖಾಲಿ ಮಾಡಿಸಿದರು. ದೇವರಾಜ ಮಾರುಕಟ್ಟೆಯ ಒಂದು ಭಾಗವೂ 2016ರಲ್ಲಿ ಬಿದ್ದಿದೆ. ನನಗೆ ಇದು ಗೊತ್ತಿತ್ತು, ರಸ್ತೆ ಆಚೆಯಿಂದಲೇ ನೋಡಿದೆವು. ದೂರದ ಊರಿಂದ ಬಂದವರಿಗೆ ಗೊತ್ತಿರುತ್ತದಾ? ಅವರು ನಿಮ್ಮ ಮಾತು ಕೇಳಿ ಒಳಗೆ ಹೋಗುತ್ತಾರೆ.

ಜಗನ್ಮೋಹನ ಅರಮನೆಯದು ಅಷ್ಟು ತಪ್ಪಿರಲಿಲ್ಲ. ಆದರೆ 1861ರ ಕಟ್ಟಡ, ಒಳಗೆ ಚಿತ್ರಗಳಿವೆ, ಇಷ್ಟೇ. ಬೆಂಕಿ ಬಿದ್ದ ಮೇಲೆ ರಾಜಮನೆತನ ಇದ್ದದ್ದು ಅಲ್ಲೇ, 1902ರಲ್ಲಿ ನಾಲ್ವಡಿಯವರು ಅಧಿಕಾರ ವಹಿಸಿಕೊಂಡ ಸಮಾರಂಭ ನಡೆದದ್ದೂ ಅಲ್ಲೇ. ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಮುಂದೆ ಹಾದು ಹೋಗುವಾಗ ಆಡಿಯೋದಲ್ಲಿ ಒಂದು ಪದವೂ ಇಲ್ಲ. ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟ ಸಂಸ್ಥೆ ಅದು. ನಾನು ಬೈಕ್ ನಿಲ್ಲಿಸಿ ನಾನೇ ಹೇಳಿದೆ.

ಮುಂದಿನ ನಿಲ್ದಾಣ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ. ಇದನ್ನು ತೋರಿಸಲೇಬೇಕು ಅಂತ ನಾನು ಆಸೆ ಇಟ್ಟುಕೊಂಡಿದ್ದೆ. ಯಾಕೆಂದರೆ ಯಾರ ಮದುವೆಯಲ್ಲಿ ಹಳೇ ಅರಮನೆ ಸುಟ್ಟಿತೋ ಅದೇ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿಸಿದ ಮನೆ ಅದು, 1905ರದ್ದು. ಅರಮನೆಯಿಂದ ಶುರು ಮಾಡಿ ಇಲ್ಲಿಗೆ ಬಂದರೆ ಒಂದು ಮದುವೆಯ ಕಥೆ ಪೂರ್ತಿಯಾಗುತ್ತದೆ. ನಿಮ್ಮ ನಕ್ಷೆಯಲ್ಲೂ ಇದು ಒಂದು ನಿಲ್ದಾಣ. ಆದರೆ ಕ್ಯಾಂಪಸ್ ಗೇಟಿನ ಹತ್ತಿರ ಹೋಗುತ್ತಲೇ ಎರಡೂ ಬೈಕುಗಳ ಮೋಟಾರು ನಿಂತಿತು. ಕೀಂ ಕೀಂ ಅಂತ ಸೈರನ್ ಬೇರೆ. 'ನೀವು ಅನುಮತಿ ಇಲ್ಲದ ಜಾಗಕ್ಕೆ ಹೋಗಿದ್ದೀರಿ' ಅಂತ ಮೆಸೇಜು. ಒಂದೊಂದು ಬೈಕಿಗೆ 500 ರೂಪಾಯಿ ದಂಡ. ನಿಮ್ಮ ನಕ್ಷೆಯೇ ಕರೆದುಕೊಂಡು ಹೋದ ಜಾಗಕ್ಕೆ ನಿಮ್ಮ ಆ್ಯಪೇ ದಂಡ ಹಾಕಿದೆ. ಎರಡರ ಸ್ಕ್ರೀನ್‌ಶಾಟೂ ನನ್ನ ಹತ್ತಿರ ಇದೆ. ಸೈರನ್ ಕೇಳಿ ವಾಚ್‌ಮನ್ ಬಂದು ನಮ್ಮನ್ನು ಕಳ್ಳರ ಥರ ನೋಡಿದರು. ಅವಳು ಹೆದರಿ ಚಿತ್ರದ ಹಾಳೆ ಚೀಲಕ್ಕೆ ಹಾಕಿಕೊಂಡಳು. ಬೈಕ್ ತಳ್ಳಿಕೊಂಡು ವಾಪಸ್ ಬಂದೆವು.

ಮಧ್ಯಾಹ್ನ ಅಶೋಕ ರಸ್ತೆಯಲ್ಲಿ ಸಂತ ಫಿಲೋಮಿನಾ ಚರ್ಚ್. ಜೋಡಿ ಗೋಪುರ, 175 ಅಡಿ, ಜರ್ಮನಿಯ ಕಲೋನ್ ಚರ್ಚಿನ ಮಾದರಿ. ಈ ವಿವರ ಸರಿ ಇತ್ತು. ಆದರೆ 'ಬ್ರಿಟಿಷರು ಕಟ್ಟಿಸಿದ್ದು' ಅಂತ ಮುಗಿಸಿದ್ದೀರಿ. 1933ರಲ್ಲಿ ಅದಕ್ಕೆ ಅಡಿಗಲ್ಲು ಇಟ್ಟವರು ನಾಲ್ವಡಿಯವರು. ಒಬ್ಬ ಹಿಂದೂ ರಾಜ ಚರ್ಚಿಗೆ ಅಡಿಗಲ್ಲು ಇಟ್ಟ ಸಂಗತಿಯನ್ನು ಬಿಟ್ಟು ಬಿಡುವುದಾ?

ಕೊನೆಯದು ಲಲಿತ ಮಹಲ್. 1921ರಲ್ಲಿ ವೈಸರಾಯ್ ಉಳಿದುಕೊಳ್ಳಲು ಅಂತ ಕಟ್ಟಿಸಿದ್ದು, ಬಿಳೀ ಗುಮ್ಮಟದ್ದು. ಲಲಿತ ಮಹಲ್ ರಸ್ತೆ ಏರುತ್ತಾ ಹೋಗುತ್ತದೆ. ಹೊರಡುವಾಗ ಅವಳ ಬೈಕಿನ ಬ್ಯಾಟರಿ ಐದರಲ್ಲಿ ನಾಲ್ಕು ಗೆರೆ ತೋರಿಸುತ್ತಿತ್ತು. ಏರಿನಲ್ಲಿ ಐದೇ ನಿಮಿಷಕ್ಕೆ ಒಂದು ಗೆರೆ, ಆಮೇಲೆ ಅದೂ ಇಲ್ಲ. '60 ಕಿ.ಮೀ. ಖಚಿತ' ಅಂತ ನೀವು ಹೇಳಿದ್ದೀರಿ. ಅಷ್ಟು ಹೊತ್ತಿಗೆ ಓಡಿದ್ದು 19. ನಜರ್‌ಬಾದ್ ಹತ್ತಿರ ಒಬ್ಬ ಸೈಕಲ್ ಶಾಪ್ ಯಜಮಾನರು ಬಿಚ್ಚಿ ನೋಡಿದರು. "ಬ್ಯಾಟರಿ ಹಳೇದಮ್ಮ. ಸಮ ರೋಡಲ್ಲಿ ಫುಲ್ ತೋರಿಸ್ತದೆ, ಏರಲ್ಲಿ ಲೋಡು ಬಿದ್ದ ತಕ್ಷಣ ಕೂತ್ಕೊಳ್ತದೆ" ಅಂದರು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ನಿಮ್ಮ ಸಹಾಯವಾಣಿಗೆ ನಲವತ್ತು ನಿಮಿಷ ಪ್ರಯತ್ನ ಮಾಡಿದೆ. ಸಂಗೀತ ಬಿಟ್ಟರೆ ಏನೂ ಕೇಳಲಿಲ್ಲ. ಚಾಟ್‌ನಲ್ಲಿ ಬರೆದರೆ 'ಹತ್ತಿರದ ಸ್ಟ್ಯಾಂಡಿಗೆ ಬೈಕ್ ತನ್ನಿ' ಅನ್ನುವ ಅದೇ ಉತ್ತರ ಮೂರು ಸಲ. ಹತ್ತಿರದ ಸ್ಟ್ಯಾಂಡ್ ಅರಮನೆಯದೇ. ಆಟೋದವರು ಬೈಕ್ ಹಾಕಿಕೊಳ್ಳಲು ಒಪ್ಪಲಿಲ್ಲ. ಇಪ್ಪತ್ತು ಕಿಲೋ ಮೀರಿದ ಬೈಕನ್ನು ಸರದಿ ಮೇಲೆ ತಳ್ಳಿಕೊಂಡು ಬಂದೆವು. ಕತ್ತಲಾಯಿತು.

ಭಾನುವಾರ ಸಂಜೆ ಏಳಕ್ಕೆ ಅರಮನೆಗೆ ದೀಪ ಹಾಕುತ್ತಾರೆ. ನಿಮ್ಮ ಪ್ಯಾಕೇಜಿನ ಕೊನೆಯ ಸಾಲು ಅದೇ: 'ದೀಪಗಳಲ್ಲಿ ಅರಮನೆ ನೋಡಿ ಸವಾರಿ ಮುಗಿಸಿ'. ಅವಳು ಅದನ್ನು ಇಲ್ಲಿವರೆಗೆ ನೋಡಿಲ್ಲ. ಒಂದು ಲಕ್ಷದ ಹತ್ತಿರ ಬಲ್ಬು ಒಟ್ಟಿಗೆ ಹತ್ತುವುದನ್ನು ತೋರಿಸುತ್ತೇನೆ ಅಂತ ಬಸ್ಸಿನಲ್ಲಿ ಬರುವಾಗಲೇ ಹೇಳಿದ್ದೆ. ನಾವು ಸ್ಟ್ಯಾಂಡ್ ತಲುಪಿದಾಗ ಎಂಟು ನಲವತ್ತು. ದೀಪ ಆರಿತ್ತು. ನಿಮ್ಮ ಹುಡುಗ ತಡವಾಗಿದೆ ಅಂತ ತಲಾ 300 ರೂಪಾಯಿ ಮತ್ತೆ ಹಾಕಿದ.

ಲೆಕ್ಕ ಹೀಗಿದೆ. ಬಾಡಿಗೆ ತಲಾ 899ರಂತೆ 1,798 ರೂಪಾಯಿ. ನಾನು ಕಟ್ಟಿದ ಅಡ್ವಾನ್ಸ್ 4,000. ಅದರಲ್ಲಿ ಗೇಟಿನ ಹತ್ತಿರದ ದಂಡ 1,000, ತಡವಾಗಿದ್ದಕ್ಕೆ 600 ಮುರಿದುಕೊಂಡು 2,400 ವಾಪಸ್ ಕೊಟ್ಟಿದ್ದೀರಿ. ಮುರಿದ 1,600 ಮತ್ತು ಬಾಡಿಗೆ ಎರಡೂ ಸೇರಿ 3,398 ರೂಪಾಯಿ ನನಗೆ ವಾಪಸ್ ಬರಬೇಕು. ಮುಂದಿನ ಬುಕಿಂಗಿಗೆ ಕೂಪನ್ ಕೊಡುತ್ತೇವೆ ಅಂತ ನಿನ್ನೆ ಮೆಸೇಜ್ ಬಂದಿದೆ. ಅದು ಬೇಡ.

ದುಡ್ಡಿನ ಜೊತೆಗೆ ಇನ್ನೂ ಕೇಳುತ್ತೇನೆ. ಲ್ಯಾನ್ಸ್‌ಡೌನ್ ಕಟ್ಟಡದ ಒಳಗೆ ಹೋಗಿ ಅನ್ನುವ ಮಾತನ್ನು ತಕ್ಷಣ ತೆಗೆಯಿರಿ, ಇದಕ್ಕೆ ಹದಿನೈದು ದಿನ ಬೇಡ. ಗಡಿಯಾರಗಳ ಕಥೆಯನ್ನು ಅವುಗಳ ಜಾಗಕ್ಕೆ ಹಾಕಿ. ಅರಮನೆ ಮತ್ತು ಚರ್ಚಿನ ವಿವರ ತಿದ್ದಿ. ಕನ್ನಡವನ್ನು ಕನ್ನಡದವರಿಂದ ಓದಿಸಿ. ಜಯಲಕ್ಷ್ಮಿ ವಿಲಾಸಕ್ಕೆ ಹೋಗಲು ವಿಶ್ವವಿದ್ಯಾಲಯದ ಒಪ್ಪಿಗೆ ಪಡೆಯಿರಿ, ಇಲ್ಲವಾದರೆ ನಕ್ಷೆಯಿಂದ ತೆಗೆಯಿರಿ. ಬ್ಯಾಟರಿಗಳನ್ನು ಏರು ರಸ್ತೆಯಲ್ಲಿ ಓಡಿಸಿ ಪರೀಕ್ಷೆ ಮಾಡಿ. ಮಾಹಿತಿ ತಿದ್ದಲು ನನ್ನ ಸಹಾಯ ಬೇಕಿದ್ದರೆ ಕೇಳಿ, ಒಂದು ರೂಪಾಯಿ ಬೇಡ, ರಜೆಯಲ್ಲಿ ಬಂದು ಕೂತು ಮಾಡಿಕೊಡುತ್ತೇನೆ.

ಈ ಪತ್ರ ತಲುಪಿದ ಹದಿನೈದು ದಿನದೊಳಗೆ ಲಿಖಿತ ಉತ್ತರ ಬೇಕು. ಬರದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಪ್ರಕಾರ ನಾನು ವಾಸ ಮಾಡುವ ಹಾಸನದಲ್ಲೇ ದೂರು ಹಾಕಬಹುದು, ಇಷ್ಟು ಮೊತ್ತಕ್ಕೆ ಶುಲ್ಕವೂ ಇಲ್ಲ. ಅಲ್ಲಿವರೆಗೆ ಹೋಗುವ ಅಗತ್ಯ ಬರಲಾರದು ಅಂತ ಅಂದುಕೊಂಡಿದ್ದೇನೆ.

ಬುಕಿಂಗ್ ರಸೀದಿ, ದಂಡದ ಮೆಸೇಜು, ನಿಮ್ಮ ನಕ್ಷೆಯ ಸ್ಕ್ರೀನ್‌ಶಾಟ್, ಬ್ಯಾಟರಿ ಗೆರೆಯ ಫೋಟೋ ಮತ್ತು ಎರಡು ಗಡಿಯಾರಗಳ ಹತ್ತಿರ ರೆಕಾರ್ಡ್ ಮಾಡಿದ ನಿಮ್ಮ ಆಡಿಯೋ ಜೊತೆಗಿಟ್ಟಿದ್ದೇನೆ. ಅವಳ ಏಳು ಹಾಳೆಗಳಲ್ಲಿ ಜಯಲಕ್ಷ್ಮಿ ವಿಲಾಸದ್ದು, ಲಲಿತ ಮಹಲ್‌ದು ಖಾಲಿ ಉಳಿದಿವೆ. ತಿಂಗಳ ಕೊನೆಗೆ ಕಾಲೇಜಿಗೆ ಕೊಡಬೇಕು. ಬರುವ ಶನಿವಾರ ಸಿಟಿ ಬಸ್ಸಿನಲ್ಲಿ ಹೋಗಿ ಬರೆದುಕೊಂಡು ಬರುತ್ತೇವೆ.

ಇಂತಿ,
ನಿಮ್ಮ ಗ್ರಾಹಕಿ
(ಹೆಸರು, ಫೋನ್ ನಂಬರು ಬುಕಿಂಗ್ ರಸೀದಿಯಲ್ಲಿದೆ)