ಸಿರಕ್ಯೂಸ್ ಜಾತ್ರೆ ಮೈದಾನದ ಮಣ್ಣಿನ ಟ್ರ್ಯಾಕಿಗೆ ಒಂದು ಗುರುತು ಬೇಕು: ನ್ಯೂಯಾರ್ಕ್ ಗವರ್ನರ್ ಅವರಿಗೆ ಬಹಿರಂಗ ಪತ್ರ

ಮಾನ್ಯ ಗವರ್ನರ್ ಅವರಿಗೆ ನಮಸ್ಕಾರ.

ನಾನು ಸಿರಕ್ಯೂಸ್‌ನಲ್ಲಿ ನೆಲೆಸಿರುವ ಕನ್ನಡಿಗ. ಇಲ್ಲಿನ ಸ್ಟೇಟ್ ಫೇರ್ ನಮ್ಮ ಮನೆಯವರ ಬಾಯಲ್ಲಿ ಜಾತ್ರೆ. ಈ ಸಲ ಜಾತ್ರೆಗೆ ಹೊರಟಾಗ ಪಕ್ಕದ ಮನೆಯ ಹಿರಿಯರು ಒಂದು ತಗಡಿನ ಡಬ್ಬಿ ತೆರೆದು ತೋರಿಸಿದರು. ಒಳಗೆ ಒಣಗಿದ ಜೇಡಿಮಣ್ಣಿನ ಹೆಂಟೆ. ಒಂದು ಬದಿಗೆ ಟೈರಿನ ರಬ್ಬರ್ ಮೆತ್ತಿಕೊಂಡು ಕಪ್ಪಗೆ ಹೊಳೆಯುತ್ತಿತ್ತು. 2015ರ ಅಕ್ಟೋಬರ್‌ನಲ್ಲಿ ಜಾತ್ರೆ ಮೈದಾನದ ಮಣ್ಣಿನ ಟ್ರ್ಯಾಕಿನಲ್ಲಿ ಕೊನೆಯ ಕಾರ್ ರೇಸ್ ಮುಗಿದ ಮೇಲೆ ಅಲ್ಲಿಂದ ಎತ್ತಿಕೊಂಡು ಬಂದದ್ದಂತೆ.

ಒಂದು ಮೈಲಿ ಸುತ್ತಳತೆಯ ಆ ಮಣ್ಣಿನ ಟ್ರ್ಯಾಕು ಮೊದಲು ಕುದುರೆಗಳದ್ದು. ಗಾಡಿ ಕಟ್ಟಿದ ಕುದುರೆಗಳ ಓಟದಲ್ಲಿ ದೊಡ್ಡ ಹೆಸರಾದ ಹ್ಯಾಂಬಲ್ಟೋನಿಯನ್ ಮೊಟ್ಟಮೊದಲು ನಡೆದದ್ದು 1926ರಲ್ಲಿ, ಇಲ್ಲೇ. ಅಷ್ಟರಲ್ಲಿ ಕಾರುಗಳೂ ಬಂದಾಗಿತ್ತು. 1972ರಲ್ಲಿ ಸೂಪರ್ ಡರ್ಟ್ ವೀಕ್ ಎಂಬ ಮಣ್ಣಿನ ಟ್ರ್ಯಾಕಿನ ಕಾರ್ ರೇಸ್‌ಗಳ ವಾರ ಶುರುವಾಯಿತು. 1980ರಲ್ಲಿ ಗ್ಯಾರಿ ಬಾಲೋ ಓಡಿಸಿದ ಲಿಂಕನ್ ಕಾರಿನ ಮಾತು ಬಂದರೆ ನಮ್ಮ ಹಿರಿಯರಿಗೆ ಊಟವೂ ಬೇಡ. ಕೆನ್ನಿ ವೆಲ್ಡ್ ಕಟ್ಟಿದ ಆ ಕಾರಿನ ಅಡಿಗೆ ನುಗ್ಗುವ ಗಾಳಿಯೇ ಅದನ್ನು ನೆಲಕ್ಕೆ ಅಂಟಿಸಿ ಹಿಡಿಯುತ್ತಿತ್ತು. ಕಾರು ಗೆದ್ದಿತು. ಆಮೇಲೆ ಅಂಥ ಕಾರು ಬರಲೇಬಾರದು ಅಂತ ನಿಯಮ ಬಿಗಿ ಮಾಡಿದರು.

ಸಾವೂ ಇದೆ ಈ ಮಣ್ಣಿನಲ್ಲಿ. 1911ರ ಸೆಪ್ಟೆಂಬರ್ 16. ಆಗಿನ ಅಮೆರಿಕದ ಅಧ್ಯಕ್ಷ ಟಾಫ್ಟ್ ಜಾತ್ರೆಗೆ ಬಂದಿದ್ದ ದಿನ. ರೇಸ್ ಓಡಿಸುತ್ತಿದ್ದ ಲೀ ಓಲ್ಡ್‌ಫೀಲ್ಡ್ ಅವರ ಕಾರಿನ ಟೈರ್ ಒಡೆಯಿತು. ಕಾರು ಬೇಲಿ ಮುರಿದುಕೊಂಡು ಜನರ ಮೇಲೆ ನುಗ್ಗಿತು. ಹತ್ತರ ಆಸುಪಾಸು ಜನ ಸತ್ತರು. ರೇಸ್ ನೋಡೋಣ ಅಂತ ಬಂದವರು ಅವರು.

2016ರ ಜನವರಿಯಲ್ಲಿ ಗ್ಯಾಲರಿಯನ್ನು ಸಿಡಿಮದ್ದಿಟ್ಟು ಕೆಡವಿದರು. ಟ್ರ್ಯಾಕೂ ಹೋಯಿತು. ಈಗ ಆ ಕಡೆ ತೊಟ್ಟಿಲು, ಜಾಯಿಂಟ್ ವೀಲ್ ತಿರುಗುತ್ತವೆ. 2018ರಲ್ಲಿ ದೊಡ್ಡ ಎಕ್ಸ್‌ಪೋ ಕಟ್ಟಡವೂ ಬಂತು. ಮಕ್ಕಳು ಖುಷಿಯಾಗಿದ್ದಾರೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ನನ್ನ ಮಗಳು "ಟ್ರ್ಯಾಕ್ ಎಲ್ಲಿತ್ತಪ್ಪ?" ಅಂದಾಗ ಬೆರಳು ಮಾಡಿ ತೋರಿಸಲು ನನಗೆ ಆಗಲಿಲ್ಲ.

ನಾನು ಕೇಳುವುದು ಜಾಸ್ತಿ ಅಲ್ಲ. ಟ್ರ್ಯಾಕ್ ಹಾದುಹೋಗಿದ್ದ ಕಡೆಯೆಲ್ಲ ನೆಲದ ಮೇಲೆ ಒಂದು ಗೆರೆ ಎಳೆಸಿ. ಮಕ್ಕಳು ಅದರ ಮೇಲೆ ನಡೆದು ನೋಡಲಿ. 1911ರಲ್ಲಿ ಸತ್ತವರ ಹೆಸರು ಕೆತ್ತಿದ ಒಂದು ಕಲ್ಲು ನೆಡಿಸಿ. ಜನ ಮನೆಯಲ್ಲಿ ಜೋಪಾನ ಮಾಡಿರುವ ಫೋಟೋ, ಟಿಕೆಟ್‌ಗಳನ್ನು ಇಡಲು ಒಂದು ಗಾಜಿನ ಬೀರು ಕೊಡಿಸಿ.

ಬೀರು ಬಂದರೆ ತಮ್ಮ ಡಬ್ಬಿಯನ್ನು ಕೊಟ್ಟುಬಿಡುತ್ತೇನೆ ಅಂದಿದ್ದಾರೆ ನಮ್ಮ ಹಿರಿಯರು. ಅವರಿಗೆ ಎಂಬತ್ತು ದಾಟಿದೆ. ದಯವಿಟ್ಟು ಬೇಗ ಮಾಡಿಸಿ.

ಇಂತಿ,
ಸಿರಕ್ಯೂಸ್‌ನ ಒಬ್ಬ ಕನ್ನಡಿಗ